ಕಾಡೀರುಳ್ಳಿಯ ಬೇರಿಗೆ ಜೊತೆಯಾದವರು

ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಬೂಕನಕೆರೆಯ ಸುತ್ತಲಿನ ಮಾಳಗಳಲ್ಲಿ ಹಸಿರು ಹುಡುಕಿದರೂ ಸಿಗುವುದಿಲ್ಲ. ಕರಡದ ಹುಲ್ಲು ಒಣಗಿ ಬೆಳ್ಳಗಾಗಿರುತ್ತದೆ. ದನ ಮೇಯ್ದು ಬಿಟ್ಟ ಗರಿಕೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರದ ಕಡೆಯ ಕಲ್ಲುಮಾಳಗಳೆಲ್ಲ ಆಗ ಹೀಗೇ ಇರುತ್ತವೆ. ಅಂಥ ಒಣ ನೆಲವನ್ನು ಸೀಳಿಕೊಂಡು ಒಂದು ಕಡ್ಡಿ ನೆಟ್ಟಗೆ ಮೇಲೇಳುತ್ತದೆ. ಅದರಲ್ಲಿ ಒಂದೆಲೆಯೂ ಇರುವುದಿಲ್ಲ. ಕಡ್ಡಿಯ ತುದಿಯುದ್ದಕ್ಕೂ ಮೊಗ್ಗು, ಆಮೇಲೆ ಆರು ಎಸಳಿನ ಪುಟ್ಟ ಹೂವು. ಬಣ್ಣ ಹಸಿರೂ ಅಲ್ಲ, ಕಂದೂ ಅಲ್ಲ, ಎರಡೂ ಬೆರೆತದ್ದು. ಒಂದೊಂದು ಹೂವು ಬದುಕುವುದು ಒಂದು ದಿನಕ್ಕಿಂತ ಕಡಿಮೆ. ಇದು ಕಾಡೀರುಳ್ಳಿ. ನರಿಯೀರುಳ್ಳಿ ಎನ್ನುವವರೂ ಇದ್ದಾರೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇದರ ಹೆಸರು ಡ್ರಿಮಿಯಾ ಇಂಡಿಕಾ. ಭರಣಿಯೋ ಕೃತ್ತಿಕೆಯೋ ಹದವಾಗಿ ಸುರಿದು ನೆಲ ತಣಿದ ಮೇಲೆಯೇ ಇದಕ್ಕೆ ಎಲೆ ಬರುವುದು.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಈ ಗೆಡ್ಡೆ ನೋಡಲು ಅಡುಗೆಮನೆಯ ಈರುಳ್ಳಿಯ ಹಾಗೇ ಇರುತ್ತದೆ, ಪದರ ಪದರ ಬಿಚ್ಚಿಕೊಳ್ಳುತ್ತದೆ. ಆದರೆ ಇದು ವಿಷ. ಇದರಲ್ಲಿರುವ ವಸ್ತುಗಳು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು. ರಸ ತಗುಲಿದರೆ ಚರ್ಮ ತುರಿಸುತ್ತದೆ. ಕಣ್ಣಲ್ಲಿ ನೋಡಿ, ಚಿತ್ರ ಬರೆದುಕೊಳ್ಳಿ, ಕೀಳಬೇಡಿ, ಬಾಯಿಗಂತೂ ಇಡಲೇಬೇಡಿ.

ನಮ್ಮ ಊಟದ ಈರುಳ್ಳಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಶತಾವರಿಯನ್ನು ಸೇರಿಸಿರುವ ಕುಟುಂಬದಲ್ಲೇ ಇದನ್ನೂ ಸೇರಿಸಿದ್ದಾರೆ. ಆದರೆ ಬೇರಿನ ವಿಷಯದಲ್ಲಿ ಊರಿನ ಈರುಳ್ಳಿ, ಕಾಡಿನ ಈರುಳ್ಳಿ ಎರಡರದ್ದೂ ಒಂದೇ ಕಥೆ. ಅಂಗಡಿಯಿಂದ ತಂದ ಈರುಳ್ಳಿಯನ್ನು ಒಂದು ಲೋಟದ ಬಾಯಿಯ ಮೇಲೆ, ಬುಡ ಮಾತ್ರ ನೀರಿಗೆ ತಾಗುವಂತೆ ಇಡಿ. ಕೆಲವು ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಅದನ್ನು ಒಂದು ರಾಗಿ ಪೈರಿನ ಬೇರಿನ ಪಕ್ಕ ಹಿಡಿದು ನೋಡಿ. ರಾಗಿಯ ಬೇರು ನೂರಾರು ಕವಲೊಡೆದು, ನವಿರಾದ ರೋಮ ತುಂಬಿಕೊಂಡಿರುತ್ತದೆ. ಈರುಳ್ಳಿಯ ಬೇರು ದಪ್ಪ, ನುಣುಪು. ಕವಲು ಬಲು ಕಡಿಮೆ, ಬೇರುರೋಮ ಇದ್ದೂ ಇಲ್ಲದ ಹಾಗೆ. ಇಷ್ಟು ಬಡ ಬೇರಿಟ್ಟುಕೊಂಡು, ಅಷ್ಟು ಬಡ ನೆಲದಲ್ಲಿ, ಕಾಡೀರುಳ್ಳಿ ಅಷ್ಟು ದೊಡ್ಡ ಗೆಡ್ಡೆ ಕಟ್ಟುವುದು ಹೇಗೆ?

ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ, ಅದು ರಂಜಕದ್ದು. ಗಿಡಕ್ಕೆ ಬೇಕಾದ ಮುಖ್ಯ ಪೋಷಕಾಂಶಗಳಲ್ಲಿ ಸಾರಜನಕ ನೀರಿನ ಜೊತೆ ಹರಿದುಬರುತ್ತದೆ. ರಂಜಕ ಹಾಗಲ್ಲ. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದು ಕಬ್ಬಿಣದ ಅಂಶದಿಂದ. ಆ ಕಬ್ಬಿಣವೂ ಅಲ್ಯುಮಿನಿಯಮ್ಮೂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತವೆ. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರ್ ಒಳಗಿರುವ ರಂಜಕವನ್ನು ಬೇಗ ಹೀರಿ ಮುಗಿಸುತ್ತದೆ. ಆಮೇಲೆ? ಆಚೆಗಿರುವ ರಂಜಕ ತಾನಾಗಿ ಬೇರಿನ ಬಳಿಗೆ ಬರುವುದು ಎಷ್ಟು ನಿಧಾನವೆಂದರೆ, ಅದನ್ನು ಕಾಯುತ್ತ ಕೂತರೆ ಮಳೆಗಾಲವೇ ಮುಗಿಯುತ್ತದೆ.

ಇಲ್ಲಿ ಶಿಲೀಂಧ್ರ ಬರುತ್ತದೆ. ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಕಂಡಿದ್ದೀರಿ, ಮಳೆ ಬಂದಾಗ ಹುತ್ತದ ಬಳಿ ಅಣಬೆ ಕಂಡಿದ್ದೀರಿ. ಅದೇ ದೊಡ್ಡ ಬಳಗದ ಇನ್ನೊಂದು ಕವಲು ಇದು. ಇದು ಅಣಬೆ ಬಿಡುವುದಿಲ್ಲ, ಸತ್ತದ್ದನ್ನು ಕೊಳೆಸಿ ತಿನ್ನುವುದಿಲ್ಲ. ಬದುಕಿರುವ ಬೇರಿನ ಒಳಗೆ ಅರ್ಧ, ಹೊರಗಿನ ಮಣ್ಣಿನಲ್ಲಿ ಅರ್ಧ ಹರಡಿಕೊಂಡು ಬಾಳುತ್ತದೆ. ಬೇರು ಮತ್ತು ಶಿಲೀಂಧ್ರದ ಈ ಕೂಡುಬಾಳಿಗೆ ಮೈಕೊರೈಜಾ ಎಂಬ ಹೆಸರನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರ್ಯಾಂಕ್. ಅವರು ನೋಡಿದ್ದು ಕಾಡುಮರಗಳ ಬೇರಿನ ಹೊರಗೆ ಹೊದಿಕೆಯಾಗಿ ಬೆಳೆಯುವ ಬಗೆ. ಈರುಳ್ಳಿ, ರಾಗಿ, ಹುಲ್ಲುಗಳದ್ದು ಬೇರಿನ ಕೋಶದ ಒಳಕ್ಕೇ ಹೋಗುವ ಬಗೆ. ಭೂಮಿಯ ಮೇಲಿನ ಸಸ್ಯಗಳಲ್ಲಿ ಮುಕ್ಕಾಲುಪಾಲಿಗೆ ಸುಮಾರಾಗಿ ಇದೇ ಬಗೆಯ ಜೊತೆ ಇದೆ.

ಶಿಲೀಂಧ್ರದ ಎಳೆ ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕೂದಲಿನ ದಪ್ಪ ಮಿಲಿಮೀಟರಿನ ಸಾವಿರದಲ್ಲಿ 70 ಭಾಗವಾದರೆ ಈ ಎಳೆ ಸಾಮಾನ್ಯವಾಗಿ 10 ಭಾಗದೊಳಗೆ, ಕೆಲವೊಮ್ಮೆ ಎರಡೇ ಭಾಗ. ಬೇರು ನುಗ್ಗಲಾರದ ಮಣ್ಣಿನ ಸಂದಿಗೆ ಎಳೆ ನುಗ್ಗುತ್ತದೆ. ಬೇರಿನಿಂದ ಹಲವು ಸೆಂಟಿಮೀಟರ್ ಆಚೆಗೆ ಹೋಗಿ ರಂಜಕ, ಸತು ಹೀರಿ, ತನ್ನ ಮೈಯೊಳಗೇ ಸಾಗಿಸಿಕೊಂಡು ಬೇರಿಗೆ ತಲುಪಿಸುತ್ತದೆ. ಹುಲ್ಲುಗಾವಲಿನ ಮಣ್ಣನ್ನು ಒಂದೇ ಒಂದು ಗ್ರಾಂ ತೆಗೆದುಕೊಂಡರೂ ಅದರಲ್ಲಿ ಹಲವು ಮೀಟರ್ ಉದ್ದದ ಎಳೆ ಇರುತ್ತದೆ.

ಶಿಲೀಂಧ್ರ ಇಷ್ಟೆಲ್ಲ ಮಾಡುವುದು ಪುಕ್ಕಟೆಯಾಗಿ ಅಲ್ಲ. ಅದಕ್ಕೆ ಹಸಿರಿಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಗಿಡ ಎಲೆಯಲ್ಲಿ ತಯಾರಿಸಿದ್ದರಲ್ಲಿ ನೂರಕ್ಕೆ 4ರಿಂದ 20ರವರೆಗಿನ ಭಾಗ ಸಕ್ಕರೆಯಾಗಿ, ಕೊಬ್ಬಾಗಿ ಶಿಲೀಂಧ್ರಕ್ಕೆ ಹೋಗುತ್ತದೆ. ನಿಮ್ಮ ಅಜ್ಜಿಯನ್ನು ಮುಯ್ಯಾಳಿನ ಬಗ್ಗೆ ಕೇಳಿ. ನಾಟಿಗೋ ಕುಯ್ಲಿಗೋ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಹೋಗುತ್ತಿದ್ದರಲ್ಲ, ಬೇರಿಗೂ ಶಿಲೀಂಧ್ರಕ್ಕೂ ನಡುವೆ ಇರುವುದು ಅದೇ ಲೆಕ್ಕ. ಒಬ್ಬರು ಬರದೆ ಹೋದರೆ ಮುಯ್ಯಿ ನಿಲ್ಲುತ್ತದೆ. ಹೊಲಕ್ಕೆ ರಂಜಕದ ಗೊಬ್ಬರ ವಿಪರೀತ ಸುರಿದರೆ ಗಿಡ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ.

ಇವರಿಬ್ಬರೂ ಕತ್ತಲೆಯ ಮಣ್ಣಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಳ್ಳುವ ಬಗೆ ನನಗೆ ಈ ಇಡೀ ವಿಷಯದಲ್ಲೇ ಅತಿ ಇಷ್ಟವಾದದ್ದು. ರಂಜಕಕ್ಕೆ ಹಸಿದ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುವನ್ನು ಅತಿ ಸಣ್ಣ ಪ್ರಮಾಣದಲ್ಲಿ ಮಣ್ಣಿಗೆ ಬಿಡುತ್ತದೆ. ಅದರ ಸುಳಿವು ಸಿಕ್ಕಿದ ಕೂಡಲೇ ಶಿಲೀಂಧ್ರದ ಎಳೆ ಸರಸರನೆ ಕವಲೊಡೆದು ಬೇರಿನತ್ತ ಬೆಳೆಯುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2005ರಲ್ಲಿ ಕಂಡುಕೊಂಡರು. ಮಂಡ್ಯದ ಕಬ್ಬಿನ ರೈತರಿಗೆ ಸ್ಟ್ರೈಗಾ ಎಂಬ ಕಳೆ ಗೊತ್ತು, ಅದು ಕಬ್ಬಿನ, ಜೋಳದ ಬೇರಿಗೇ ಅಂಟಿಕೊಂಡು ರಸ ಹೀರುತ್ತದೆ. ಅದರ ದೂಳಿನಷ್ಟು ಸಣ್ಣ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಹತ್ತಿರದಲ್ಲಿ ಒಂದು ಬೇರು ಈ ವಸ್ತುವನ್ನು ಬಿಟ್ಟಾಗ ಮಾತ್ರ ಮೊಳೆಯುತ್ತದೆ. ಗೆಳೆಯನನ್ನು ಕರೆದ ದನಿಯನ್ನು ಕಳ್ಳನೂ ಕೇಳಿಸಿಕೊಂಡಿದ್ದಾನೆ! ವಿಜ್ಞಾನಿಗಳಿಗೆ ಮೊದಲು ಗೊತ್ತಾದದ್ದು ಕಳ್ಳನ ವಿಷಯವೇ, 1966ರಲ್ಲಿ. ಕಳೆಯನ್ನು ಬಡಿದೆಬ್ಬಿಸುವ ವಸ್ತುವನ್ನು ಗಿಡ ಯಾಕೆ ಸುರಿಸುತ್ತದೆ ಎಂಬ ಒಗಟು ಬಿಡಿಸಲು ಸುಮಾರು 40 ವರ್ಷ ಹಿಡಿಯಿತು.

ಎಳೆ ಬೇರನ್ನು ಮುಟ್ಟಿದ ಮೇಲೆ ತೊಗಟೆಯ ಕೋಶಗಳ ನಡುವೆ ದಾರಿ ಮಾಡಿಕೊಂಡು, ಒಂದೊಂದು ಕೋಶದ ಗೋಡೆ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಕವಲು, ಕವಲಿಗೆ ಕವಲು, ಅದಕ್ಕೂ ಕವಲು ಒಡೆದು ಕೋಶದ ತುಂಬ ಒಂದು ಪುಟಾಣಿ ಮರದಂತೆ ನಿಲ್ಲುತ್ತದೆ. ಕೊಡು-ಕೊಳ್ಳು ನಡೆಯುವುದು ಇಲ್ಲೇ. ಈ ಮರದ ಆಯುಸ್ಸು ಕೆಲವೇ ದಿನ. ಅದು ಕರಗುತ್ತದೆ, ಪಕ್ಕದ ಕೋಶದಲ್ಲಿ ಇನ್ನೊಂದು ಏಳುತ್ತದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿರುವ, 40 ಕೋಟಿ ವರ್ಷಕ್ಕೂ ಹಳೆಯ ಕಲ್ಲಿನೊಳಗಿನ ಗಿಡದ ಪಳೆಯುಳಿಕೆಯಲ್ಲೂ ಇಂಥ ಪುಟಾಣಿ ಮರಗಳು ಕಂಡಿವೆ. ಆ ಗಿಡಕ್ಕೆ ಇನ್ನೂ ನಿಜವಾದ ಬೇರೇ ಇರಲಿಲ್ಲ. ಬೇರಿಗಿಂತ ಮೊದಲೇ ಜೊತೆಗಾರ ಬಂದಿದ್ದ.

ಈ ಪುಟಾಣಿ ಮರಗಳನ್ನು ನೋಡಲು ಈರುಳ್ಳಿಯ ಬೇರು ಬಲು ಒಳ್ಳೆಯದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬಾರ್ಬರಾ ಮಾಸ್ ಮತ್ತು ಅವರ ಜೊತೆಗಾರರು 1970ರ ಆಸುಪಾಸಿನಲ್ಲಿ ಪ್ರಯೋಗಕ್ಕೆ ಈರುಳ್ಳಿಯನ್ನೇ ಆರಿಸಿಕೊಂಡರು. ರಂಜಕ ಕಡಿಮೆಯಿದ್ದ ಮಣ್ಣಿನಲ್ಲಿ ಶಿಲೀಂಧ್ರ ಸಿಕ್ಕ ಈರುಳ್ಳಿಗೂ ಸಿಗದ ಈರುಳ್ಳಿಗೂ ಕಣ್ಣಿಗೆ ರಾಚುವಷ್ಟು ಅಂತರ ಇತ್ತು. ಬೇರಿಗೆ ಬಣ್ಣ ಹಾಕಿ ನೋಡುವ ಸುಲಭದ ಉಪಾಯವೂ ಒಂದಿದೆ. ಬೇರನ್ನು ಕ್ಷಾರದಲ್ಲಿ ಬೇಯಿಸಿ ತಿಳಿಯಾಗಿಸಿ, ಆಮೇಲೆ ವಿನಿಗರ್‌ಗೆ ಪೆನ್ನಿನ ಇಂಕು ಬೆರೆಸಿ ಮೂರು ನಿಮಿಷ ಕುದಿಸಿದರೆ ಸಾಕು. ಬೇರು ಬೆಳ್ಳಗೆ ಉಳಿದು, ಒಳಗಿನ ಶಿಲೀಂಧ್ರ ಮಾತ್ರ ಬಣ್ಣ ಹೀರಿಕೊಳ್ಳುತ್ತದೆ. ಕ್ಷಾರ ಕೈ ಸುಡುತ್ತದೆ, ಆ ಕೆಲಸ ಶಾಲೆಯ ಮೇಷ್ಟರದ್ದು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವುದು ನಿಮ್ಮದು.

ಶಿಲೀಂಧ್ರ ಮಣ್ಣಿನಲ್ಲಿ ಬೀಜದ ಹಾಗೆ ಕಟ್ಟುವ ಬೀಜಾಣುಗಳನ್ನಾದರೆ ನೀವೇ ಹಿಡಿಯಬಹುದು. ಮಾಳದಲ್ಲಿ ಹುಲ್ಲಿನ ಬುಡದಿಂದ, ಒಂದು ಗೇಣಿನ ಒಳಗಿನ ಆಳದ ಮಣ್ಣು ಒಂದು ಬೊಗಸೆ ಸಾಕು. ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ, ಅರ್ಧ ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಮೊದಲು ಟೀ ಸೋಸುವ ಜಾಲರಿಯಲ್ಲಿ, ಆಮೇಲೆ ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಉಳಿದ ಕೆಸರನ್ನು ಗಟ್ಟಿ ಸಕ್ಕರೆ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮಣ್ಣಿನ ಕಣ ಮುಳುಗಿ ಹಗುರಾದವು ತೇಲುತ್ತವೆ. ತೇಲಿದ್ದನ್ನು ತೊಳೆದು ಬಿಳಿ ತಟ್ಟೆಗೆ ಹಾಕಿ ಭೂತಗನ್ನಡಿ ಹಿಡಿಯಿರಿ. ಬೇರಿನ ಚೂರು, ಹುಳದ ಕಾಲು, ಕಸ ಎಲ್ಲ ಕಾಣುತ್ತದೆ. ಅವುಗಳ ನಡುವೆ ಉರುಟಾದ, ಮಿನುಗುವ ಗುಂಡುಗಳಿದ್ದರೆ ಉಸಿರು ಬಿಗಿಹಿಡಿದು ನೋಡಿ. ಕೆಲವು ಹಾಲುಬಿಳಿ, ಕೆಲವು ಜೇನಿನ ಬಣ್ಣ, ಕೆಲವು ಕಡುಕಂದು. ದೊಡ್ಡವು ಅರ್ಧ ಮಿಲಿಮೀಟರ್ ಇರಬಹುದು, ರಾಗಿಕಾಳಿನ ಅರ್ಧವೂ ಇಲ್ಲ. ಆದರೂ ಶಿಲೀಂಧ್ರ ಲೋಕದಲ್ಲಿ ಇವಕ್ಕಿಂತ ದೊಡ್ಡ ಬೀಜಾಣು ಇಲ್ಲ. ಮರಳೋ ಬೀಜಾಣುವೋ ಎಂದು ಅನುಮಾನವಾದರೆ ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಿ. ಮರಳು ಜಾರಿಕೊಳ್ಳುತ್ತದೆ. ಬೀಜಾಣು ಪಟ್ಟನೆ ಒಡೆದು ಎಣ್ಣೆಯ ಹನಿ ಹೊರಬರುತ್ತದೆ. ಹೊಸ ಬೇರು ಸಿಗುವವರೆಗೆ ಅದರ ಬುತ್ತಿ ಆ ಎಣ್ಣೆಯೇ.

ಎಲ್ಲ ಗುಂಡುಗಳೂ ಒಂದೇ ಜಾತಿಯವಲ್ಲ, ಈ ಬರಹದ ಮುಖ್ಯ ಮಾತೇ ಇದು. ಗ್ಲೋಮಸ್ ಗುಂಪಿನ ಬೀಜಾಣುವಿಗೆ ನೇರವಾದ ತೊಟ್ಟು ಇರುತ್ತದೆ. ಜೈಗಾಸ್ಪೋರಾದ ಬೀಜಾಣು ದೊಡ್ಡದು, ತೊಟ್ಟು ಸೇರುವಲ್ಲಿ ಉಬ್ಬಿಕೊಂಡಿರುತ್ತದೆ. ಅಕಾಲೋಸ್ಪೋರಾಕ್ಕೆ ತೊಟ್ಟೇ ಇಲ್ಲ. ಅದು ಒಂದು ಚೀಲದ ಕುತ್ತಿಗೆಯ ಪಕ್ಕದಲ್ಲಿ ಹುಟ್ಟಿ, ಚೀಲ ಬತ್ತಿಹೋದ ಮೇಲೆ ಒಂಟಿಯಾಗಿ ಉಳಿಯುತ್ತದೆ. ಲೋಕದಲ್ಲಿ ಹೆಸರಿಟ್ಟಿರುವ ಜಾತಿಗಳೇ 300ಕ್ಕೂ ಹೆಚ್ಚು.

ಒಂದು ಹುಲ್ಲುಗಾವಲಿನಲ್ಲಿ ಇವು ಎಷ್ಟು ಬಗೆ ಇರಬಹುದು? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಹುಲ್ಲುಗಾವಲಿದೆ. ಹಿಂದೆ ಅದು ಉತ್ತು ಬಿಟ್ಟ ಹೊಲ. ಜೇಮ್ಸ್ ಬೀವರ್ ಮತ್ತು ಅವರ ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಮಣ್ಣು ಸೋಸಿದರು. ಸುಮಾರು ಎರಡೂವರೆ ಎಕರೆಯಲ್ಲಿ ಅವರಿಗೆ ಸಿಕ್ಕಿದ್ದು 37 ಜಾತಿ. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಆಗಿನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಅವರು ಆರಿಸಿಕೊಂಡ ಗಿಡಗಳಲ್ಲಿ ಒಂದು ಅಲ್ಲಿಯ ಕಾಡೀರುಳ್ಳಿ, ಆಲಿಯಮ್ ವಿನಿಯೇಲ್. ಇದು ಮಾತ್ರ ನಮ್ಮ ಊಟದ ಈರುಳ್ಳಿಗೆ ನಿಜವಾದ ದಾಯಾದಿ. ಅದೇ ಮಣ್ಣಿನಲ್ಲಿ ಈರುಳ್ಳಿ, ಹುಲ್ಲು, ಬೇರೆ ಗಿಡ ಎಂದು ಬೇರೆಬೇರೆಯಾಗಿ ಬೆಳೆಸಿ ನೋಡಿದಾಗ ಒಂದೊಂದು ಗಿಡದ ಬೇರಿನ ಬಳಿ ಒಂದೊಂದು ಶಿಲೀಂಧ್ರ ಹೆಚ್ಚಾಗಿ ಬೀಜಾಣು ಕಟ್ಟಿತು. ಕೆಲವು ವರ್ಷದ ಒಂದು ಕಾಲದಲ್ಲಿ, ಕೆಲವು ಇನ್ನೊಂದು ಕಾಲದಲ್ಲಿ ಹೆಚ್ಚುತ್ತಿದ್ದವು. ಹುಲ್ಲುಗಾವಲಿನ ಮೇಲೆ ಗಿಡದ ಬಗೆ ಹೆಚ್ಚಿದ್ದರೆ ಕೆಳಗೆ ಶಿಲೀಂಧ್ರದ ಬಗೆಯೂ ಉಳಿಯುತ್ತದೆ ಎಂದಾಯಿತು.

ಅದರ ತಿರುವುಮುರುವು? ಮಾರ್ಸೆಲ್ ಫಾನ್ ಡರ್ ಹೈಡನ್ ಮತ್ತು ಅವರ ಜೊತೆಗಾರರು ಅದನ್ನೂ ನೋಡಿದರು. ಕೆಲವು ಮಡಿಗಳಿಗೆ ಒಂದೇ ಜಾತಿಯ ಶಿಲೀಂಧ್ರ, ಕೆಲವಕ್ಕೆ ಹಲವು, ಹೆಚ್ಚೆಂದರೆ 14 ಜಾತಿ ಸೇರಿಸಿ ಹುಲ್ಲುಗಾವಲಿನ ಗಿಡಗಳ ಬೀಜ ಬಿತ್ತಿದರು. ಶಿಲೀಂಧ್ರದ ಬಗೆ ಹೆಚ್ಚಿದ್ದ ಕಡೆ ಗಿಡದ ಬಗೆಯೂ ಹೆಚ್ಚು ಉಳಿಯಿತು, ಒಟ್ಟು ಬೆಳೆಯೂ ಹೆಚ್ಚಾಯಿತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇದಕ್ಕೆ ಕಾರಣ ಇದೆ. ಕೆಲವು ಶಿಲೀಂಧ್ರ ಮಣ್ಣಿನಲ್ಲಿ ದೂರ ಹರಡಿ ರಂಜಕ ತರುವುದರಲ್ಲಿ ನಿಪುಣ. ಕೆಲವು ಬೇರಿನ ಒಳಗೇ ಹೆಚ್ಚು ತುಂಬಿಕೊಂಡು ಬೇರುಕೊಳೆಯ ರೋಗಾಣುವಿಗೆ ಜಾಗ ಬಿಡುವುದಿಲ್ಲ. ಒಬ್ಬನ ಕೆಲಸ ಇನ್ನೊಬ್ಬ ಮಾಡಲಾರ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಿ.ಜೆ. ಭಾಗ್ಯರಾಜ್ ಮುಖ್ಯರು. ಅವರೂ ಎ. ಮಂಜುನಾಥ್ ಅವರೂ ರಾಗಿ, ಅಲಸಂದೆ, ಹತ್ತಿಗೆ ಶಿಲೀಂಧ್ರವನ್ನು ಜೊತೆಮಾಡಿ ಬೆಳೆಸಿ 1980ರಲ್ಲಿ ಫಲ ಬರೆದರು. ಮಣ್ಣನ್ನು ಬೇಯಿಸಿರಲಿಲ್ಲ, ಅಂದರೆ ಅದರಲ್ಲಿ ಮೊದಲೇ ಬೇರೆ ಶಿಲೀಂಧ್ರಗಳಿದ್ದವು. ಆದರೂ ಒಳ್ಳೆಯ ಜೊತೆಗಾರ ಸಿಕ್ಕ ಗಿಡ ಹೆಚ್ಚು ಬೆಳೆಯಿತು, ಹೆಚ್ಚು ರಂಜಕ ಹೀರಿತು. ಈ ಗುಂಪಿನ ಒಂದು ಜಾತಿಗೆ ಗ್ಲೋಮಸ್ ಭಾಗ್ಯರಾಜಿ ಎಂದೇ ಹೆಸರಿಟ್ಟಿದ್ದಾರೆ.

ರಾಗಿ ಎಂದ ಕೂಡಲೇ ನಿಮ್ಮ ಹೊಲದ ಅಕ್ಕಡಿ ಸಾಲು ನೆನಪಾಗಬೇಕು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಾರಲ್ಲ, ಅದರಲ್ಲಿ ಸಾಸಿವೆಯೊಂದನ್ನು ಬಿಟ್ಟು ಉಳಿದವೆಲ್ಲ ಈ ಶಿಲೀಂಧ್ರವನ್ನು ಬೇರಿಗೆ ಸೇರಿಸಿಕೊಳ್ಳುತ್ತವೆ. ಸಾಸಿವೆ, ಮೂಲಂಗಿ, ಎಲೆಕೋಸು ಒಂದೇ ಕುಟುಂಬದವು, ಇವಕ್ಕೆ ಆ ನಂಟೇ ಇಲ್ಲ.

ಉಳುಮೆ ಎಳೆಗಳನ್ನು ಕತ್ತರಿಸುತ್ತದೆ. ಹೊಲದಲ್ಲಿ ಅದು ತಪ್ಪಿದ್ದಲ್ಲ, ಬೆಳೆ ಬಂದಂತೆ ಎಳೆ ಮತ್ತೆ ಹಬ್ಬುತ್ತದೆ. ಆದರೆ ತಲೆಮಾರುಗಳಿಂದ ನೇಗಿಲು ಕಾಣದ ಗೋಮಾಳದ ಮಣ್ಣಿನ ಬೆಲೆ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗಾಗಿ ಮೈಸೂರು ಸೀಮೆಯ ತುಂಬ ಹುಲ್ಲುಗಾವಲುಗಳನ್ನು ಕಾವಲೆಂದು ಕಾದಿಟ್ಟಿದ್ದರು. ಇಂಥ ನೆಲ ಕಾಗದದಲ್ಲಿ ಎಷ್ಟೋ ಸಲ ಖರಾಬು ಎಂದು ಬರೆಸಿಕೊಳ್ಳುತ್ತದೆ. ಒಂದು ಸಲ ಮಣ್ಣು ಸೋಸಿ ಆ ಮಿನುಗುವ ಗುಂಡುಗಳನ್ನು ಕಂಡವರಿಗೆ ಹಾಗೆ ಬರೆಯಲು ಮನಸ್ಸು ಬಾರದು. ಹಳೆಯ ಹುಲ್ಲುಗಾವಲನ್ನು ಅಗೆದು ಒಂದೇ ಜಾತಿಯ ಮರ ನೆಡುವುದು ನನಗೆ ನೋವಿನ ಸಂಗತಿ. ಮೇಲೆ ಹಸಿರು ಹೆಚ್ಚಿದಂತೆ ಕಂಡರೂ ಕೆಳಗಿನ ಒಕ್ಕಲು ಬದಲಾಗಿರುತ್ತದೆ.

ಈ ಮಳೆಗಾಲದಲ್ಲಿ ಶಾಲೆಯಲ್ಲಿ ಒಂದು ಪ್ರಯೋಗ ಮಾಡಿ. ಗೊಬ್ಬರ ಹಾಕದ ಕೆಂಪು ಮಣ್ಣನ್ನು ಒದ್ದೆ ಮಾಡಿ, ಹಳೆಯ ಪಾತ್ರೆಯಲ್ಲಿ ಮುಚ್ಚಿ, ದೊಡ್ಡವರ ಕೈಯಲ್ಲಿ ಒಂದು ಗಂಟೆ ಹಬೆಯಲ್ಲಿ ಬೇಯಿಸಿ. ಮರುದಿನ ಇನ್ನೊಮ್ಮೆ. ಒಂದು ವಾರ ಆರಲು ಬಿಟ್ಟು ಹತ್ತು ಕುಂಡಗಳಿಗೆ ತುಂಬಿ. ಐದು ಕುಂಡಗಳಿಗೆ ಮಾಳದ ಹಸಿ ಮಣ್ಣು ಎರಡೆರಡು ಚಮಚ ಬೆರೆಸಿ. ಉಳಿದ ಐದಕ್ಕೆ ಅದೇ ಮಾಳದ ಮಣ್ಣನ್ನು ಬೇಯಿಸಿ ಅಷ್ಟೇ ಹಾಕಿ, ಜೊತೆಗೆ ಹಸಿ ಮಣ್ಣು ಕದಡಿದ ನೀರನ್ನು ಫಿಲ್ಟರ್ ಕಾಗದದಲ್ಲಿ ಸೋಸಿ ಹಾಕಿ. ಬ್ಯಾಕ್ಟೀರಿಯಾ ಕಾಗದ ದಾಟುತ್ತವೆ, ದಪ್ಪ ಬೀಜಾಣು ದಾಟುವುದಿಲ್ಲ. ಹಾಗಾಗಿ ಎರಡು ಗುಂಪಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ನಮ್ಮ ಶಿಲೀಂಧ್ರದ್ದೇ. ಬಣ್ಣದ ಔಷಧಿ ಬಳಿಯದ ಈರುಳ್ಳಿ ಬೀಜ ಬಿತ್ತಿ. ಒಂದೇ ಅಳತೆಯ ನೀರು, ಒಂದೇ ಬಿಸಿಲು. ಮೊಳೆಯಲು ವಾರ, ಹತ್ತು ದಿನ ಬೇಕು. ಮೊದಲ ತಿಂಗಳು ಹೆಚ್ಚೇನೂ ಅಂತರ ಕಾಣದಿದ್ದರೆ ಬೇಸರಪಡಬೇಡಿ, ಎಳೆ ಬೇರಿಗೆ ಸೇರಿ ಹಬ್ಬಲು ಸಮಯ ಹಿಡಿಯುತ್ತದೆ. ಎರಡು ತಿಂಗಳಾದ ಮೇಲೆ ಎಲೆಯ ಉದ್ದ ಅಳೆದು, ಎಲೆಗಳನ್ನು ಎಣಿಸಿ ಬರೆದಿಡಿ.

ಸಾಧ್ಯವಾದರೆ ಪಕ್ಕದಲ್ಲೇ ಇನ್ನೂ ಹತ್ತು ಕುಂಡ ಹೀಗೇ ತಯಾರಿಸಿ ಸಾಸಿವೆ ಬಿತ್ತಿ. ಸಾಸಿವೆಗೆ ಈ ಶಿಲೀಂಧ್ರ ಬೇಡವಾದ್ದರಿಂದ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯಬೇಕು. ಅಲ್ಲೂ ಈರುಳ್ಳಿಯಷ್ಟೇ ಅಂತರ ಕಂಡರೆ, ಮಾಳದ ಮಣ್ಣಿನ ಜೊತೆ ಶಿಲೀಂಧ್ರವಲ್ಲದೆ ಬೇರೇನೋ ಕುಂಡಕ್ಕೆ ಬಂದಿದೆ. ಆಗ ಈರುಳ್ಳಿಯ ಲೆಕ್ಕವನ್ನೂ ಅನುಮಾನದಿಂದಲೇ ನೋಡಬೇಕು, ಮುಂದಿನ ಸಲ ಮಣ್ಣನ್ನು ಇನ್ನಷ್ಟು ಜೋಪಾನವಾಗಿ ಬೇಯಿಸಬೇಕು.